ನಮ್ಮ ಸದ್ದು ಪಕ್ಕದ ಮೈಕಿಗೆ ಬಿದ್ದರೆ ಮೈಲಿಗೆಯಾ?

ಪೋಸ್ಟ್ ಉದ್ದ ಇದೆ. ಪುರುಸೊತ್ತಾದಾಗ ಓದಿ, ಪೂರ್ತಿ ಓದಿ, ಆಮೇಲೆ ಬೈಯಿರಿ. ಅರ್ಧ ಕೇಳಿ ಬೈಯೋರು ವಾಟ್ಸಾಪ್ ಗ್ರೂಪುಗಳಲ್ಲಿ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ.

ವಿಷಯ ಇಷ್ಟು. "ಬೆಂಗಳೂರಿನವರು ಕಾಸು ಹಾಕಿ, ಸ್ಟುಡಿಯೋ ಬುಕ್ ಮಾಡಿ ನಿಮ್ಮ ಹಾಡು ರೆಕಾರ್ಡ್ ಮಾಡ್ತೀವಿ ಅಂದ್ರೆ ಅರ್ಧಕ್ಕೇ ಎದ್ದು ಬಂದ್ರಂತಲ್ಲ, ಏನು ಸೊಕ್ಕು ನಿಮಗೆ?" ಅಂತ ಹೋದ ವಾರದಿಂದ ಫೋನ್ ಬರ್ತಾ ಇವೆ. ಮಾಲೂರಿನಿಂದ ಇಬ್ಬರು, ಮುಳಬಾಗಿಲಿನಿಂದ ಒಬ್ಬರು ಹಿರಿಯರು, ಕೋಲಾರದಲ್ಲಿ ನಮ್ಮ ಆಫೀಸಿನ ಪಕ್ಕದ ಟೀ ಅಂಗಡಿಯಲ್ಲೇ ಒಬ್ಬರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳೋಷ್ಟು ಸಿಎಲ್ ನನ್ನ ಹತ್ರ ಉಳಿದಿಲ್ಲ. ಇಲ್ಲೇ ಬರೀತೀನಿ.

ಯಾರಿಗಾಗಿ ಈ ರೆಕಾರ್ಡಿಂಗು ಅಂತ ಮೊದಲು ಹೇಳಬೇಕು. ಶ್ರೀನಿವಾಸಪುರ ತಾಲೂಕಿನ ಒಂದು ಕೇರಿಯಲ್ಲಿ ನಮ್ಮೆಲ್ಲರಿಗೂ 'ದೊಡ್ಡಪ್ಪ' ಆಗಿದ್ದವರು ಒಬ್ಬರಿದ್ದರು. ತಮಟೆ ಬಾರಿಸೋರು, ಹಾಡೋರು. ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಹೆಸರು ಆಲ್ಬಮ್ಮಿನ ಮೇಲೇ ಮೊದಲು ಬರಲಿ, ಅಲ್ಲೀವರೆಗೂ ಫೇಸ್‌ಬುಕ್‌ನಲ್ಲಿ ಬೇಡ ಅಂತ ಮನೆಯವರು ಕೇಳಿದ್ದಾರೆ, ಅದಕ್ಕೇ ಬರೀತಾ ಇಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳು ನಮ್ಮ ತಾಲೂಕುಗಳಲ್ಲಿ ಓಡಾಡಿದಾಗ ಮುಂದೆ ತಮಟೆ, ಹಿಂದೆ ಜನ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ ಮೇಲೆ ಆ ಪುಸ್ತಕ ಕಣ್ಣಲ್ಲಿ ನೋಡದೇ ಇದ್ದವರೂ ಅದರೊಳಗಿನ ಹಾಡು ಹಾಡ್ತಾ ಇದ್ದರು. ಅದು ಹೇಗೆ ಅಂತೀರಿ? ದೊಡ್ಡಪ್ಪನಂಥವರ ಬಾಯಿಂದ. ಅವರಿಗೆ ಕನ್ನಡ ಅಕ್ಷರ ಬರ್ತಿರಲಿಲ್ಲ, ಮನೆಮಾತು ತೆಲುಗು. ಕೇಳಿಸಿಕೊಂಡು, ತಮಟೆಗೆ ಕೂರಿಸಿಕೊಂಡು ಹಾಡೋರು. ನಮ್ಮಂಥ ಹುಡುಗರು ಕೈ ತಡವರಿಸಿದರೆ "ಕೊಟ್ಟು ನಾಯನಾ, ಕೊಟ್ಟು" ಅಂತ ಬೆನ್ನಮೇಲೊಂದು ಗುದ್ದು.

ಅವರಿಗೆ ಒಂದು ಗಾನನಮನ ಮಾಡಬೇಕು ಅಂತ ನಾವು ಹನ್ನೊಂದು ಜನ ಸೇರಿದ್ವಿ. ಭಾಷಣ, ಫೋಟೋಗೆ ಹಾರ, ಮೇಣದ ಬತ್ತಿ ಎಲ್ಲಾ ಮುಗಿದಿತ್ತು. ಹಾಡು ಉಳೀಬೇಕಲ್ಲ? ಇದಕ್ಕೆ ಜಾಝ್ ಸೇರಿದ್ದು ನಮ್ಮ ಕೆಜಿಎಫ್ ಹುಡುಗನಿಂದ. ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದೋನು. ದೊಡ್ಡಪ್ಪನ ಕೊನೆಯ ಎರಡು ವರ್ಷ ಇವನು ಬೈಕ್ ಹಾಕ್ಕೊಂಡು ಅವರ ಮನೆಗೆ ಹೋಗಿ ಕೂರೋನು. ಅವರು ಬಾರಿಸೋರು, ಇವನು ಊದೋನು. ಯಾವ ಹಾಡು ಅಂತ ಮೊದಲೇ ಮಾತಾಗ್ತಿರಲಿಲ್ಲ. ಅವರು ಒಂದು ಏಟು ಹೆಚ್ಚು ಹಾಕಿದರೆ ಇವನು ಅದಕ್ಕೊಂದು ಉತ್ತರ ಕೊಡೋನು. ನಮಗದು ಹೊಸದು. ಅವನು ಮಾತ್ರ "ಅಣ್ಣ, ಇದೇ ಜಾಝ್" ಅಂತಿದ್ದ.

ನಾನು ಬಿಎ ಓದಿದವನು, ಆದ್ರೆ ಜಾಝ್ ಅಂದ್ರೆ ದೊಡ್ಡ ಹೋಟೆಲಿನಲ್ಲಿ ಶ್ರೀಮಂತರು ಉಣ್ಣುವಾಗ ಹಿಂದೆ ಕೇಳಿಸೋ ಪಾಶ್ಚಾತ್ಯ ಸಂಗೀತ ಅಂತಲೇ ತಿಳಿದಿದ್ದೆ. ಮೊದಲ ಸಲ ಅವನ ಫೋನಿನಲ್ಲಿ ಕೇಳಿದಾಗ ತಲೆನೋವು ಬಂತು, ಸುಳ್ಳು ಹೇಳಲ್ಲ. ಆಮೇಲೆ ಅವನು ಒಂದು ಕಥೆ ಹೇಳಿದ. ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಊರು, 1963ರ ಸೆಪ್ಟೆಂಬರ್ 15, ಭಾನುವಾರ. ಕಪ್ಪು ಜನರ ಚರ್ಚಿಗೆ ಬಿಳಿ ಜಾತಿವಾದಿಗಳು ಬಾಂಬ್ ಇಟ್ಟರು. (ಬಿಳಿ ಜಾತಿವಾದಿಗಳು ಅಂತ ಬೇಕೆಂದೇ ಬರೆದೆ.) ನಾಲ್ಕು ಹೆಣ್ಣುಮಕ್ಕಳು ಸತ್ತರು. ಎರಡು ತಿಂಗಳಾದ ಮೇಲೆ, ನವೆಂಬರ್ 18ಕ್ಕೆ, ಜಾನ್ ಕೋಲ್ಟ್ರೇನ್ ಅನ್ನೋ ಸ್ಯಾಕ್ಸೊಫೋನ್ ವಾದಕ ತನ್ನ ಮೂರು ಜನ ಜೊತೆಗಾರರನ್ನು ಕರಕೊಂಡು ಸ್ಟುಡಿಯೋಗೆ ಹೋಗಿ 'ಅಲಬಾಮಾ' ಅಂತ ಒಂದನ್ನು ನುಡಿಸಿದ. ಐದು ನಿಮಿಷದ್ದು. ಒಂದು ಮಾತೂ ಇಲ್ಲ ಅದರಲ್ಲಿ. ನಾಲ್ಕೂ ಜನ ಒಂದೇ ಹೊತ್ತಿನಲ್ಲಿ, ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ನುಡಿಸಿದ್ದು.

ಅದನ್ನು ಕೇಳುವಾಗ ನನಗೆ ಕಂಬಾಲಪಲ್ಲಿ ನೆನಪಾಯ್ತು.

2000ದ ಮಾರ್ಚ್ 11. ಆಗ ಚಿಂತಾಮಣಿ ತಾಲೂಕು ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಏಳು ಜನ ದಲಿತರನ್ನು ಮನೆಯೊಳಗೆ ಹಾಕಿ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಮಾರ್ಚ್ ತಿಂಗಳಿನ ಒಂದು ಪ್ರತಿಭಟನೆಯಲ್ಲಿ ಭಾಷಣಗಳೆಲ್ಲ ಮುಗಿದ ಮೇಲೆ ದೊಡ್ಡಪ್ಪ ಎದ್ದು ನಿಂತು ತಮಟೆಗೆ ಏಳು ಏಟು ಹಾಕಿದರು. ಒಂದೊಂದೂ ಬಿಡಿ. ಏಳನೆಯದಾದ ಮೇಲೆ ಸುಮ್ಮನೆ ನಿಂತರು. ಎಷ್ಟು ಹೊತ್ತು ಅಂದ್ರೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳೋ ಅಷ್ಟು. ಆಮೇಲೆ ಹಾಡು. ಅವತ್ತಿನಿಂದ ಸಾಯೋವರೆಗೂ ಯಾವ ಸಭೆಗೆ ಹೋದರೂ ಅವರು ಹೀಗೇ ಶುರು ಮಾಡ್ತಿದ್ದದ್ದು. ಏಳು ಏಟು, ಮೌನ, ಹಾಡು.

ನಮ್ಮ ಆಲ್ಬಮ್ಮೂ ಹಾಗೇ ಶುರುವಾಗಬೇಕು ಅಂತ ತೀರ್ಮಾನ ಆಯ್ತು. ಕೆಜಿಎಫ್ ಹುಡುಗ ಮತ್ತು ದೊಡ್ಡಪ್ಪ ಒಟ್ಟಿಗೆ ನುಡಿಸಿದ ಒಂದು ಫೋನ್ ವಿಡಿಯೋ ಯಾರೋ ಹಾಕಿದ್ದರು. ಅದನ್ನು ನೋಡಿ ಬೆಂಗಳೂರಿನ ಒಂದು ಕಂಪನಿಯವರು ಬಂದರು. "ಲೈವ್ ಜಾಝ್ ಟ್ರಿಬ್ಯೂಟ್ ಆಲ್ಬಮ್ ಮಾಡೋಣ ಸರ್, ತಮಟೆ ಜೊತೆ ಯಾರೂ ಮಾಡಿಲ್ಲ" ಅಂದರು. ಲೈವ್ ಅಂದರೆ ಎಲ್ಲರೂ ಒಟ್ಟಿಗೆ ನಿಂತು ಒಂದೇ ಸಲ ಹಾಡೋದು, ಅದನ್ನು ಹಾಗೇ ರೆಕಾರ್ಡ್ ಮಾಡೋದು ಅಂತ ನಾವು ತಿಳಿದುಕೊಂಡ್ವಿ. ತಪ್ಪಾ ಅದು?

ಒಂದು ಟಾಟಾ ಏಸ್‌ನಲ್ಲಿ ತಮಟೆಗಳು, ಹಿಂದೆ ಬಸ್ಸಿನಲ್ಲಿ ನಾವು. ನರಸಾಪುರ, ಹೊಸಕೋಟೆ, ಕೆಆರ್ ಪುರ ದಾಟಿ ಬೆಳಿಗ್ಗೆ ಹತ್ತಕ್ಕೆಲ್ಲ ಸ್ಟುಡಿಯೋ ಮುಂದೆ. ಒಳ್ಳೇ ಜಾಗ, ಒಳ್ಳೇ ಸಾಮಾನು. ಇಂಜಿನಿಯರ್ ಹುಡುಗನೂ ಒಳ್ಳೆಯವನೇ, ಎಲ್ಲರಿಗೂ ತಾನೇ ಟೀ ತಂದುಕೊಟ್ಟ. ನಾನು ಮುಂದೆ ಹೇಳೋದು ಆ ಹುಡುಗನ ಮೇಲಿನ ದೂರಲ್ಲ.

ಮೊದಲ ಕೆಲಸ, ನಮ್ಮನ್ನು ಬೇರೆ ಬೇರೆ ಮಾಡಿದ. ಹಾಡೋರು ಒಂದು ಗಾಜಿನ ಕೋಣೆ. ಸ್ಯಾಕ್ಸೊಫೋನ್ ಇನ್ನೊಂದು. ಕಂಪನಿಯವರೇ ಕರೆಸಿದ್ದ ಕೀಬೋರ್ಡಿನವರು ಅವನ ಪಕ್ಕ ಸೋಫಾ ಮೇಲೆ. ತಮಟೆಯವರು ನಾಲ್ಕೂ ಜನ ಹೊರಗಿನ ಪ್ಯಾಸೇಜಿನ ಕೊನೆಯಲ್ಲಿ, ದಪ್ಪ ಬಾಗಿಲು ಮುಚ್ಚಿ. ಎಲ್ಲರ ಕಿವಿಗೂ ಹೆಡ್‌ಫೋನ್, ಅದರಲ್ಲಿ 'ಟಿಕ್ ಟಿಕ್ ಟಿಕ್' ಅಂತ ಒಂದು ಗಡಿಯಾರ. ಆ ಟಿಕ್ಕಿಗೆ ಸರಿಯಾಗಿ ಹಾಡಬೇಕು. ಮೊದಲು ಕೀಬೋರ್ಡ್ ಒಂದೇ, ಆಮೇಲೆ ಹಾಡು ಒಂದೇ, ಕೊನೆಗೆ ತಮಟೆ ಒಂದೇ.

"ಯಾಕಪ್ಪಾ, ಒಟ್ಟಿಗೆ ಹಾಡ್ತೀವಿ" ಅಂದೆ.

"ಇಲ್ಲ ಸರ್, ತಮಟೆ ಬ್ಲೀಡ್ ಆಗುತ್ತೆ" ಅಂದ.

ನನಗೆ ಅರ್ಥ ಆಗಲಿಲ್ಲ. ರಕ್ತ ಸೋರೋದಕ್ಕೆ ತಾನೇ ಆ ಮಾತು? ಅವನು ವಿವರಿಸಿದ. ತಮಟೆ ಸದ್ದು ಜೋರು. ಅದು ಹಾಡೋರ ಮೈಕಿಗೆ ಸೋರಿಬಿಡುತ್ತೆ. ಒಂದರ ಸದ್ದು ಇನ್ನೊಂದರ ಮೈಕಿಗೆ ಸೇರಿಬಿಟ್ಟರೆ ಆಮೇಲೆ ಬಿಡಿಸೋಕ್ಕಾಗಲ್ಲ, ಗಾಯಕರ ದನಿ ಕೆಡುತ್ತೆ. "ಎಲ್ಲಾ ಕ್ಲೀನ್ ಆಗಿ ಬರಬೇಕು ಸರ್."

ನಮ್ಮ ಮುಳಬಾಗಿಲಿನ ತಮಟೆಯ ತಾತ ಅಲ್ಲೇ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ತಾ ಇದ್ದವರು ನಗುತ್ತಾ ಅಂದರು: "ಅದೇ ಕಣಪ್ಪಾ, ನಾವು ಸೋಕಿದ್ರೆ ಮೈಲಿಗೆ ಅಂತಾವ್ನೆ. ಇಷ್ಟು ಹೇಳೋಕೆ ಇಂಗ್ಲೀಷ್ ಯಾಕೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

"ಎಲ್ಲದರಲ್ಲೂ ನಿಮಗೆ ಜಾತಿಯೇ ಕಾಣುತ್ತೆ, ಅದು ಟೆಕ್ನಿಕಲ್ ವಿಷಯ" ಅಂತ ಕಾಮೆಂಟ್ ಟೈಪ್ ಮಾಡ್ತಾ ಇರೋ ಗೆಳೆಯರು ಒಂದು ನಿಮಿಷ ನಿಲ್ಲಿ. ಟೆಕ್ನಿಕಲ್ ಹೌದು. ಒಂದೊಂದು ಸದ್ದನ್ನೂ ಬೇರೆ ಹಿಡಿದರೆ ಆಮೇಲೆ ಒಂದನ್ನು ಏರಿಸಬಹುದು, ಇನ್ನೊಂದನ್ನು ಇಳಿಸಬಹುದು, ತಪ್ಪಾದ ಜಾಗವಷ್ಟೇ ಮತ್ತೆ ಹಾಡಿಸಬಹುದು. ಸಿನಿಮಾ ಹಾಡಿಗೆ ಅದು ಸರಿಯೇ ಇರಬಹುದು. ನನ್ನ ಪ್ರಶ್ನೆ ಬೇರೆ. ಹಾಗೆ ಬೇರೆ ಮಾಡಿದಾಗ ಯಾರ ಸದ್ದು ಇಳಿಯುತ್ತೆ, ಯಾರದ್ದು ಏರುತ್ತೆ? ಸ್ಯಾಕ್ಸೊಫೋನೂ ಜೋರಾದ ವಾದ್ಯವೇ. ಅದಕ್ಕೆ ಗಾಜಿನ ಕೋಣೆ ಸಿಕ್ಕಿತು, ತಮಟೆಗೆ ಯಾಕೆ ಪ್ಯಾಸೇಜು?

ನಮ್ಮ ಹಾಡು ಏನು ಅನ್ನೋದೂ ಇಲ್ಲಿ ಮುಖ್ಯ. ಒಬ್ಬರು ಒಂದು ಸಾಲು ಎತ್ತಿಕೊಡ್ತಾರೆ, ಉಳಿದವರು ಹಿಡಿದುಕೊಳ್ತಾರೆ. ಶುರುವಿಗೆ ನಿಧಾನ, ಜನ ಸೇರ್ತಾ ಸೇರ್ತಾ ಬಿರುಸು. ಹಾಡಿನ ಕೊನೆಗೆ ಬರೋ ಹೊತ್ತಿಗೆ ಲಯ ಶುರುವಿನದ್ದಲ್ಲವೇ ಅಲ್ಲ. ತಮಟೆಯವನು ಹಾಡೋಳ ಕಣ್ಣು ನೋಡಿಕೊಂಡು ಏರಿಸ್ತಾನೆ. ಟಿಕ್ ಟಿಕ್ ಗಡಿಯಾರ ಏರಲ್ಲ. ನಮ್ಮ ಅಕ್ಕ ಒಬ್ಬರು ಆ ಟಿಕ್ಕಿಗೆ ಎರಡು ಸಲ ಹಾಡಿ, ಹೆಡ್‌ಫೋನ್ ಕಿತ್ತಿಟ್ಟು, "ಇದು ಕೂಲಿ ಲೆಕ್ಕ ಹಾಕೋ ಹಂಗೈತೆ, ನಂಗಾಗಲ್ಲ" ಅಂತ ಕೂತುಬಿಟ್ಟರು.

ಜಾಝ್‌ನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೋಲ್ಟ್ರೇನ್‌ನ ಹಿಂದೆ ಡ್ರಮ್ ನುಡಿಸಿದ ಎಲ್ವಿನ್ ಜೋನ್ಸ್‌ನನ್ನು ಬೇರೆ ದಿನ ಕರೆದು ಟಿಕ್ಕಿಗೆ ನುಡಿಸು ಅಂದಿದ್ದರೆ 'ಅಲಬಾಮಾ' ಹುಟ್ಟುತ್ತಿತ್ತಾ? ಇನ್ನೊಂದು ತಮಾಷೆ ಕೇಳಿ. ಸ್ಟುಡಿಯೋದಲ್ಲಿ ನುಡಿಸಿದ ಆ 'ಅಲಬಾಮಾ' 1964ರಲ್ಲಿ ಹೊರಬಂದಿದ್ದು 'ಲೈವ್ ಅಟ್ ಬರ್ಡ್‌ಲ್ಯಾಂಡ್' ಅನ್ನೋ ಆಲ್ಬಮ್ಮಿನಲ್ಲಿ. ಬರ್ಡ್‌ಲ್ಯಾಂಡ್ ಅಂದ್ರೆ ನ್ಯೂಯಾರ್ಕಿನ ಕ್ಲಬ್ಬು. 1966ರಲ್ಲಿ ಕ್ಯಾನನ್‌ಬಾಲ್ ಆ್ಯಡರ್ಲಿ ಅನ್ನೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ಯಾಲಿಫೋರ್ನಿಯಾದ ಸ್ಟುಡಿಯೋಗೇ ಜನರನ್ನು ಕರೆದು ಕೂರಿಸಿ, ಕುಡಿಯೋಕೆ ಕೊಟ್ಟು, ಅವರ ಕೂಗು, ಚಪ್ಪಾಳೆ ಎಲ್ಲಾ ಸೇರಿಸಿ ರೆಕಾರ್ಡ್ ಮಾಡಿ, ಕವರ್ ಮೇಲೆ ಶಿಕಾಗೋದ ಕ್ಲಬ್ಬಿನಲ್ಲಿ ಲೈವ್ ಅಂತ ಹಾಕಿದರು. ಜಾಗದ ವಿಷಯದಲ್ಲಿ ಸುಳ್ಳು ಹೇಳಿದರು, ನಿಜ. ಆದ್ರೆ ಸುಳ್ಳು ಹೇಳಿದ್ದು ಜಾಗದ ಬಗ್ಗೆ ಮಾತ್ರ. ಜನ ನಿಜ, ಚಪ್ಪಾಳೆ ನಿಜ, ಒಟ್ಟಿಗೆ ನುಡಿಸಿದ್ದು ನಿಜ. ನಮಗೆ ಮಾಡೋಕೆ ಹೊರಟಿದ್ದು ಇದರ ತಿರುಗುಮುರುಗು. ಬಿಡಿಬಿಡಿಯಾಗಿ ಕತ್ತರಿಸಿ ಹಿಡಿದು, ಆಮೇಲೆ ಕಂಪ್ಯೂಟರಿನಿಂದ ಚಪ್ಪಾಳೆ ಸೇರಿಸಿ 'ಲೈವ್' ಅಂತ ಹಾಕ್ತಾರಂತೆ. ಯಾರದ್ದೋ ಚಪ್ಪಾಳೆ! ಕಂಬಾಲಪಲ್ಲಿಗೆ!

ಇನ್ನು ಬೆಂಕಿ ವಿಷಯ. ತಮಟೆಗೆ ಕಾವು ಬೇಕು. ಚರ್ಮ ತಣ್ಣಗಾದರೆ ಸಡಿಲ ಬಿದ್ದು 'ಡಬ್ ಡಬ್' ಅನ್ನುತ್ತೆ. ಹುಲ್ಲೋ ಪೇಪರೋ ಹಾಕಿ ಬೆಂಕಿಗೆ ಹಿಡಿದರೆ ಬಿಗಿಯಾಗಿ ಗಣಗಣ ಅನ್ನುತ್ತೆ. ಎಸಿ ಕೋಣೆಯಲ್ಲಿ ಎರಡು ಹಾಡು ಮುಗಿಯೋದರೊಳಗೆ ತಣ್ಣಗಾಗ್ತಾ ಇತ್ತು. ಕೆಳಗಡೆ ಪಾರ್ಕಿಂಗಿನಲ್ಲಿ ಪೇಪರ್ ಹಚ್ಚಿದ್ವಿ, ವಾಚ್‌ಮನ್ ಓಡಿಬಂದು ಆರಿಸಿದ. ಅವನದ್ದೂ ತಪ್ಪಲ್ಲ, ಕಾರುಗಳು ನಿಂತಿದ್ದವು. ಮೇಲಿನಿಂದ ಯಾರೋ ಹೇರ್ ಡ್ರೈಯರ್ ತಂದುಕೊಟ್ಟರು. ನಮ್ಮ ತಾತ ಅದನ್ನು ತಮಟೆಗೆ ಹಿಡಿದು ಐದು ನಿಮಿಷ ನಿಂತು, "ಇದಕ್ಕೆ ತಲೆಗೆ ಎಣ್ಣೆ ಯಾವಾಗ ಹಚ್ಚೋದು?" ಅಂದರು. ಕೊನೆಗೆ ಕಂಪನಿಯವರು "ಬಿಡಿ ಸರ್, ತಮಟೆ ಸ್ಯಾಂಪಲ್ ನಮ್ಮ ಹತ್ರ ಇದೆ, ಕೀಬೋರ್ಡಿನಲ್ಲೇ ಬಾರಿಸ್ತೀವಿ" ಅಂದರು. ಅಂದ್ರೆ ಯಾವತ್ತೋ, ಯಾರೋ ನಮ್ಮಂಥವನೇ ಬಾರಿಸಿದ ಒಂದು ಏಟನ್ನು ಹಿಡಿದಿಟ್ಟುಕೊಂಡಿದ್ದಾರೆ, ಬೆರಳಲ್ಲಿ ಒತ್ತಿದರೆ ಬರುತ್ತೆ. ಆ ಏಟು ಹಾಕಿದವನ ಹೆಸರೇನು ಅಂತ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಅಷ್ಟಾದರೂ ಎದ್ದು ಬರಲಿಲ್ಲ ನಾವು, ನೆನಪಿರಲಿ. ಸೊಕ್ಕು ಅಂದವರಿಗೆ ಹೇಳ್ತಾ ಇದ್ದೀನಿ. ಸಂಜೆ ಏಳು ಏಟಿನ ಭಾಗ ಹಿಡಿದು ನಮಗೆ ಕೇಳಿಸಿದರು. ಏಳು ಏಟು ಆಯ್ತು, ತಕ್ಷಣ ಹಾಡು ಬಂತು. ಮಧ್ಯದ ಮೌನ ಇಲ್ಲ!

"ಅಲ್ಲಿ ಖಾಲಿ ಇತ್ತಲ್ಲ ಸರ್, ಟ್ರಿಮ್ ಮಾಡಿದೆ. ಜನ ಸ್ಕಿಪ್ ಮಾಡ್ತಾರೆ."

ಖಾಲಿ. ಆ ಹುಡುಗನಿಗೆ ಕಂಬಾಲಪಲ್ಲಿ ಗೊತ್ತಿಲ್ಲ. 2000ದಲ್ಲಿ ಅವನು ಹುಟ್ಟಿದ್ದನೋ ಇಲ್ಲವೋ. ಕೂರಿಸಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ, ಕಣ್ಣು ಕೆಂಪಾಯ್ತು, "ವಾಪಸ್ ಹಾಕ್ತೀನಿ ಸರ್" ಅಂದ. ಹಾಕಿದ. ಹಾಕಿದ್ದು ಪೂರ್ತಿ ನಿಶ್ಶಬ್ದ, ಕಂಪ್ಯೂಟರಿನದ್ದು. ನಾವು ನಿಂತಿದ್ದಾಗಿನ ಉಸಿರು, ಯಾರೋ ಕೆಮ್ಮಿದ್ದು, ತಮಟೆಯ ಚರ್ಮ ಇನ್ನೂ ಗುಂಯ್ ಅಂತಿದ್ದದ್ದು ಯಾವುದೂ ಅದರಲ್ಲಿಲ್ಲ. ಸಣ್ಣ ಸದ್ದನ್ನೆಲ್ಲ ಕಸ ಅಂತ ತಾನೇ ಕತ್ತರಿಸೋ ಒಂದು ಯಂತ್ರ ಇದೆಯಂತೆ, ಅದು ಆನ್ ಇತ್ತಂತೆ.

ಆಮೇಲೆ ಬಂತು ಕಾಗದ. ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಫೈಲಿನ ಕೊನೇ ಪುಟ ಮೊದಲು ಓದೋ ಚಟ. ಅಗ್ರಿಮೆಂಟಿನ ಕೊನೇ ಪುಟದಲ್ಲಿ ಕಲಾವಿದರ ಪಟ್ಟಿ ಇತ್ತು. ಕೀಬೋರ್ಡ್: ಹೆಸರು. ಸ್ಯಾಕ್ಸೊಫೋನ್: ಹೆಸರು. ಸೌಂಡ್ ಇಂಜಿನಿಯರ್: ಹೆಸರು. ಮುಖ್ಯ ಗಾಯಕಿ: ಹೆಸರು. ತಮಟೆ ಮತ್ತು ಕೋರಸ್: 'ಇತರರು'. ಹಾಡಿನ ಮೂಲ: 'ಜಾನಪದ'. ಕೀಬೋರ್ಡಿನವರಿಗೆ ಹಾಡಿನ ಲೆಕ್ಕದಲ್ಲಿ ಸಂಭಾವನೆ, ತಮಟೆಯವರಿಗೆ ದಿನಕ್ಕೆ 800 ರೂಪಾಯಿ ಮತ್ತು ಊಟ. ಎಲ್ಲಾ ಹಕ್ಕುಗಳೂ ಎಂದೆಂದಿಗೂ ಕಂಪನಿಗೆ.

ದೊಡ್ಡಪ್ಪನೇ ಕಟ್ಟಿದ ಮೂರು ಹಾಡುಗಳಿವೆ ಅದರಲ್ಲಿ. ಕಟ್ಟಿದವನು ಯಾರು ಅಂತ ನಮಗೆಲ್ಲ ಗೊತ್ತು, ಯಾವ ವರ್ಷ, ಯಾವ ಊರಿನ ಗಲಾಟೆಗೆ ಕಟ್ಟಿದ್ದು ಅಂತ ಗೊತ್ತು. ಅದು 'ಜಾನಪದ' ಹೇಗಾಗುತ್ತೆ? ಬರೆಯೋಕೆ ಬರದವನು ಕಟ್ಟಿದರೆ ಜಾನಪದ, ಬರೆಯೋಕೆ ಬರೋನು ಕಟ್ಟಿದರೆ ಸಾಹಿತ್ಯ, ಇದು ಯಾವ ನ್ಯಾಯ? ನಮ್ಮ ದೇಶದ ಕಾಪಿರೈಟ್ ಕಾಯ್ದೆಯಲ್ಲಿ ಹಾಡಿದವನಿಗೆ, ಬಾರಿಸಿದವನಿಗೆ ಹಕ್ಕಿದೆ. 2012ರ ತಿದ್ದುಪಡಿ ಆದ ಮೇಲೆ ವಾಣಿಜ್ಯ ಬಳಕೆಗೆ ರಾಯಲ್ಟಿ ಕೇಳೋ ಹಕ್ಕೂ ಇದೆ. ನಮ್ಮ ಹುಡುಗರೇ, ಸಹಿ ಹಾಕೋ ಮುಂಚೆ ಇದನ್ನು ತಿಳ್ಕೊಳ್ಳಿ. 'ಇತರರು' ಅಂತ ಬರೆದ ಕಾಗದ ಹಿಡಕೊಂಡು ನಾಳೆ ಯಾರೂ ಹಕ್ಕು ಕೇಳೋಕ್ಕಾಗಲ್ಲ. ಹೆಸರು ಬರೆಸೋದು ಅಂದ್ರೆ ಬರೀ ಗೌರವದ ಪ್ರಶ್ನೆ ಅಲ್ಲ, ಅನ್ನದ ಪ್ರಶ್ನೆ.

ಜಾಝ್‌ಗೂ ಇದೇ ಗತಿ ಆಗಿತ್ತು. ನ್ಯೂ ಆರ್ಲಿಯನ್ಸಿನ ಕಪ್ಪು ಜನ ಕಟ್ಟಿದ ಸಂಗೀತ ಅದು. ಜಾಝ್‌ನ ಮೊದಲ ರೆಕಾರ್ಡು ಹೊರಬಂದದ್ದು 1917ರಲ್ಲಿ. ನುಡಿಸಿದ ಐದೂ ಜನ ಬಿಳಿಯರು. 1939ರಲ್ಲಿ ಬಿಲ್ಲಿ ಹಾಲಿಡೇ ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಲ್ಲೋದರ ಬಗ್ಗೆ 'ಸ್ಟ್ರೇಂಜ್ ಫ್ರೂಟ್' ಹಾಡಿದಾಗ ಅವಳ ಸ್ವಂತ ಕಂಪನಿ ಕೊಲಂಬಿಯಾ ಅದನ್ನು ರೆಕಾರ್ಡ್ ಮಾಡೋಕೆ ಒಪ್ಪಲಿಲ್ಲ. ಕಮೋಡೋರ್ ಅನ್ನೋ ಸಣ್ಣ ಕಂಪನಿ ಮಾಡ್ತು. ನಾವು 1972ರಲ್ಲಿ ಕರಿಯ ಪ್ಯಾಂಥರ್‌ಗಳಿಂದ ದಲಿತ ಪ್ಯಾಂಥರ್ ಅಂತ ಹೆಸರು ತಂದುಕೊಂಡ್ವಿ. ಅವರ ಹಾಡಿನ ಕಥೆಯನ್ನೂ ಆಗಲೇ ತಂದುಕೊಂಡಿದ್ದರೆ ಕ್ಯಾಸೆಟ್ ಕಾಲದಲ್ಲಿ ನಮ್ಮವರು ಇಷ್ಟು ಮೋಸ ಹೋಗ್ತಿರಲಿಲ್ಲ.

"ನಮ್ಮ ಕರ್ನಾಟಕದವರೂ ಜಾಝ್‌ನವರ ಜೊತೆ ಮಾಡಿದ್ದಾರಲ್ಲ, ಅವರಿಗೇನೂ ತೊಂದರೆ ಆಗಲಿಲ್ಲವಲ್ಲ" ಅಂತ ಕಂಪನಿಯವರು ಅಂದರು. ಹೌದು, ಮಾಡಿದ್ದಾರೆ, ಚೆನ್ನಾಗಿಯೂ ಮಾಡಿದ್ದಾರೆ. ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು 1983ರಲ್ಲಿ ಜರ್ಮನಿಗೆ ಹೋಗಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 'ಜ್ಯೋತಿ' ಅಂತ ಆಲ್ಬಮ್ ಮಾಡಿದರು. ಆರ್.ಎ. ರಮಾಮಣಿಯವರ ಹಾಡು, ಮಣಿಯವರ ಮೃದಂಗ. ನಮ್ಮ ಹುಡುಗ ಕೇಳಿಸಿದ, ಇಷ್ಟಪಟ್ಟು ಕೇಳಿದೆ. ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದ್ದು ಅದರಲ್ಲಿ ಗೊತ್ತಾಗುತ್ತೆ. ಕವರ್ ಮೇಲೆ ಮೃದಂಗ ನುಡಿಸಿದವರು 'ಇತರರು' ಆಗಲಿಲ್ಲ. ಸರಿ. ಆದ್ರೆ ಮೃದಂಗಕ್ಕೂ ಚರ್ಮವೇ ತಾನೇ? ಹಸು, ಎಮ್ಮೆ, ಮೇಕೆ ಚರ್ಮ. ಅದನ್ನು ಹದ ಮಾಡಿ ಬಿಗಿದುಕೊಡೋರು ಯಾರು ಅಂತ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕ ಬರೆದರೆ, ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಕೊಟ್ಟಿದ್ದ ಜಾಗವನ್ನು ವಾಪಸ್ ತಗೊಂಡಿತು. ಚರ್ಮ ಒಂದೇ. ಕೂತು ನುಡಿಸಿದರೆ ವೇದಿಕೆ, ನಿಂತು ಬಾರಿಸಿದರೆ ಪ್ಯಾಸೇಜು.

ಪ್ರಶಸ್ತಿ ಕೊಡ್ತಾರಲ್ಲ ಅಂತೀರಿ. ಕೊಟ್ಟಿದ್ದಾರೆ. ಚಿಕ್ಕಬಳ್ಳಾಪುರದ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿ ಪದ್ಮಶ್ರೀ ಬಂದಾಗ ನಾನು ಆಫೀಸಿನಲ್ಲಿ ಎಲ್ಲರಿಗೂ ಮೈಸೂರುಪಾಕ್ ಹಂಚಿದೆ. 2007ರವರೆಗೂ ಅವರ ಜಿಲ್ಲೆ ನಮ್ಮದೇ ತಾನೇ. ದೆಹಲಿಯವರೆಗೂ ಹೋಗಿಬಂದ ತಮಟೆಗೆ ಬೆಂಗಳೂರಿನ ಒಂದು ಕೋಣೆಯೊಳಗೆ ಜಾಗ ಕೇಳಬೇಕಾಯ್ತಲ್ಲ ಅನ್ನೋದೇ ನನ್ನ ಸಂಕಟ.

ಈಗ ನಮ್ಮವರ ವಿಷಯ. ಮುಳಬಾಗಿಲಿನ ಹಿರಿಯರು ಫೋನಿನಲ್ಲಿ ಅರ್ಧ ಗಂಟೆ ಬೈದರು. "ತಮಟೆ ಬಿಡಿ ಅಂತ ನಾವು ಊರೂರು ತಿರುಗಿದ್ವಿ. ಜಾತ್ರೆಗೆ, ಹೆಣಕ್ಕೆ, ಟಾಂಟಾಂ ಹೊಡೆಯೋಕೆ ಹೋಗಲ್ಲ ಅಂದಿದ್ದಕ್ಕೆ ಬಹಿಷ್ಕಾರ ತಿಂದ್ವಿ. ನೀನು ಅದನ್ನೇ ಎಸಿ ರೂಮಿಗೆ ಹೊತ್ಕೊಂಡು ಹೋಗಿದ್ದೀಯಲ್ಲೋ." ಅಣ್ಣ, ನಿಮ್ಮ ಸಿಟ್ಟು ನನಗೆ ಗೊತ್ತು. ನಮ್ಮಪ್ಪನೂ ಅದೇ ಕಾಲದಲ್ಲಿ ತಮಟೆಯನ್ನು ಕೆರೆಗೆ ಎಸೆದವರು. ಒಂದು ವರ್ಷ ಊರಿನಲ್ಲಿ ಕೂಲಿ ಸಿಗಲಿಲ್ಲ. ಅಮ್ಮ ಮಾಲೂರಿನ ಇಟ್ಟಿಗೆ ಗೂಡಿಗೆ ಹೋಗಿ ನಮ್ಮನ್ನು ಸಾಕಿದಳು. ನನಗೆ ತಮಟೆ ಮುಟ್ಟೋಕೂ ಬಿಡಲಿಲ್ಲ ಅಪ್ಪ, "ಪೆನ್ನು ಹಿಡಿ" ಅಂದರು. ಹಿಡಿದೆ, ಗುಮಾಸ್ತನಾದೆ. ಹಾಗಾಗಿ ಇವತ್ತಿಗೂ ನನಗೆ ತಮಟೆ ಬಾರಿಸೋಕೆ ಬರಲ್ಲ. ಈ ಆಲ್ಬಮ್ಮಿನಲ್ಲಿ ನಾನು ಬರೀ ಚಪ್ಪಾಳೆ ತಟ್ಟೋನು. ಅದನ್ನು ಬರೆಯುವಾಗ ನನಗೇನನ್ನಿಸುತ್ತೆ ಅಂತ ನಿಮಗೆ ಹೇಳೋದು ಬೇಡ ಅಣ್ಣ.

ಆದ್ರೆ ದೊಡ್ಡಪ್ಪನೂ ಗೌಡರ ಹೆಣಕ್ಕೆ ಬಾರಿಸೋದು ಬಿಟ್ಟವರೇ. ತಮಟೆಯನ್ನು ಮಾತ್ರ ಬಿಡಲಿಲ್ಲ. ಕೇಳಿದರೆ "ಅವರ ಸಾವಿಗೆ ಹೋಗಲ್ಲ. ನಮ್ಮವರು ಸತ್ತಾಗ ಯಾರು ಬಡೀತಾರೆ?" ಅನ್ನೋರು. ನೀವು ಎಸೆದಿದ್ದು ಬಿಟ್ಟಿಚಾಕರಿ. ಅದು ಸರಿ. ಆದರೆ ಎಸೆದ ಜಾಗದಿಂದ ಅದನ್ನು ಬೇರೆಯವರು ಎತ್ತಿಕೊಂಡು ಸ್ಯಾಂಪಲ್ ಮಾಡಿ ಕೀಬೋರ್ಡಿನಲ್ಲಿ ಬಾರಿಸ್ತಾ ಇದ್ದಾರೆ. ಅದಕ್ಕೇನು ಹೇಳ್ತೀರಿ? ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರೂ ಜೊತೆಗಾರರೂ ಆದಿಮ ಕಟ್ಟಿ ಹುಣ್ಣಿಮೆ ಹಾಡು ನಡೆಸಿದ್ದು ಯಾಕೆ? ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥ ಹಾಡುಗಾರರು ಈ ಜಿಲ್ಲೆಯ ಹಾಡನ್ನು ರಾಜ್ಯಕ್ಕೆಲ್ಲ ಕೊಂಡೊಯ್ದದ್ದು ಯಾಕೆ? ಬಿಟ್ಟುಬಿಡೋಕಾ?

"ಸ್ಟುಡಿಯೋನೇ ಬೇಡ, ಬೀದಿಯಲ್ಲಿ ಹಾಡಿ ಸಾಕು" ಅನ್ನೋ ಯುವ ಗೆಳೆಯರಿಗೂ ಒಂದು ಮಾತು. ಬೀದಿಯಲ್ಲೇ ಹಾಡಿದರು ದೊಡ್ಡಪ್ಪ, ಐವತ್ತು ವರ್ಷ. ಈಗ ಅವರ ದನಿ ಕೇಳಬೇಕು ಅಂದ್ರೆ ನಿಮ್ಮ ಹತ್ರ ಏನಿದೆ? ಬಸ್ ಹಾರ್ನ್ ಸೇರಿದ ನಾಲ್ಕು ಫೋನ್ ವಿಡಿಯೋ. ನನ್ನ ಜಗಳ ಸ್ಟುಡಿಯೋ ಜೊತೆ ಅಲ್ಲ.

ಎದ್ದು ಬಂದ ಮೇಲೆ ಏನು ಮಾಡಿದ್ವಿ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ಕೋಲಾರದಲ್ಲೇ ಭಕ್ತಿಗೀತೆ ರೆಕಾರ್ಡ್ ಮಾಡೋ ಒಂದು ಸಣ್ಣ ಸ್ಟುಡಿಯೋ ಇದೆ. ಒಂದೇ ಕೋಣೆ, ಗೋಡೆಗೆ ಹಳೇ ಕಂಬಳಿ. ಅಲ್ಲಿಯ ಹುಡುಗನಿಗೆ ನಮ್ಮ ಕಥೆಯೆಲ್ಲ ಹೇಳಿದ್ವಿ. ತಲೆ ಕೆರೆದುಕೊಂಡು, "ಅಣ್ಣ, ಹಂಗಾದ್ರೆ ಮೈಕ್ ಮುಂದೆ ನೀವು ಬರೋದು ಬೇಡ, ಎಲ್ಲಿ ನಿಂತ್ಕೋಬೇಕು ಅಂತ ನೀವೇ ನೋಡ್ಕೊಳ್ಳಿ" ಅಂದ. ಕೋಣೆ ನಡುವೆ ಎರಡು ಮೈಕ್ ನೆಟ್ಟ. ನಾವು ಸುತ್ತ ನಿಂತ್ವಿ, ಜೋರು ಇರೋರು ಹಿಂದೆ, ಮೆಲ್ಲಗೆ ಇರೋರು ಮುಂದೆ. ತಮಟೆ ಜೋರಾಯ್ತು ಅಂದಾಗ ತಾತ ಎರಡು ಹೆಜ್ಜೆ ಹಿಂದಕ್ಕೆ ಹೋದರು. ಅಕ್ಕ ಕಣ್ಣು ಸನ್ನೆ ಮಾಡಿದಾಗ ಮತ್ತೆ ಮುಂದೆ ಬಂದರು. ಏರಿಸೋದು ಇಳಿಸೋದು ಅಷ್ಟೇ. ಹಾಡುಗಳ ನಡುವೆ ಟೆರೇಸಿಗೆ ಹೋಗಿ ಹುಲ್ಲು ಹಚ್ಚಿ ಕಾಯಿಸಿಕೊಂಡು ಬರೋದು. ಶ್ರೀನಿವಾಸಪುರದ ಕೇರಿಯಿಂದ ಇಪ್ಪತ್ತು ಜನ ಬಂದು ಗೋಡೆಗೆ ಒರಗಿ ಕೂತಿದ್ದರು, ದೊಡ್ಡಮ್ಮನೂ ಬಂದಿದ್ದರು. ಕ್ಯಾನನ್‌ಬಾಲ್ ಕಥೆ ಕೇಳಿದ್ದ ನಮ್ಮ ಹುಡುಗ "ಕುಡಿಯೋಕೆ?" ಅಂದ. ಮಜ್ಜಿಗೆ ಕೊಟ್ವಿ.

ಏಳು ಏಟು ಆದಮೇಲೆ ನಿಂತ್ವಿ. ಎಷ್ಟು ಹೊತ್ತು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಂದೇ ಒಂದು ಸಲ ಬಿಕ್ಕಿದರು. ಅದೂ ಮೈಕಿಗೆ ಬಿತ್ತು. ತೆಗೀಬೇಕಾ ಅಂತ ಸ್ಟುಡಿಯೋ ಹುಡುಗ ನನ್ನ ಮುಖ ನೋಡಿದ. ದೊಡ್ಡಮ್ಮನನ್ನೇ ಕೇಳಿದ್ವಿ. "ಇರಲಿ ಬಿಡು" ಅಂದರು. ಇದೆ.

ಸದ್ದು ಬೆಂಗಳೂರಿನಷ್ಟು ಕ್ಲೀನ್ ಆಗಿಲ್ಲ. ಎರಡನೇ ಹಾಡಿನಲ್ಲಿ ಸ್ಯಾಕ್ಸೊಫೋನ್ ಸ್ವಲ್ಪ ಹಿಂದೆ ಬಿದ್ದಿದೆ. ನಾಲ್ಕನೇದರಲ್ಲಿ ನನ್ನ ಚಪ್ಪಾಳೆ ಒಂದು ಜಾಗದಲ್ಲಿ ತಪ್ಪಿದೆ, ಹುಡುಗರು ಈಗಲೂ ಆಡಿಕೊಳ್ತಾರೆ. ಬರೀ ಎರಡು ಮೈಕು, ಏನು ಮಾಡಿದರೂ ಈಗ ಯಾರನ್ನೂ ಯಾರಿಂದಲೂ ಬಿಡಿಸೋಕ್ಕಾಗಲ್ಲ.

ಬರೋ ಖರ್ಚು, ಬರೋ ಕಾಸು ಎರಡೂ ಹನ್ನೊಂದು ಪಾಲು ಮತ್ತು ದೊಡ್ಡಮ್ಮನಿಗೆ ಎರಡು ಪಾಲು ಅಂತ ಬಿಳಿ ಹಾಳೆಯಲ್ಲಿ ಬರೆದು ಎ‌ಲ್ಲರೂ ಸಹಿ, ಹೆಬ್ಬೆಟ್ಟು ಹಾಕಿದ್ದೀವಿ. ಖರ್ಚಿನಲ್ಲಿ ದೊಡ್ಡಮ್ಮನ ಪಾಲು ಇಲ್ಲ ಅಂತ ಬ್ರಾಕೆಟ್ಟಿನಲ್ಲಿ ನಾನೇ ಸೇರಿಸಿದೆ, ಗುಮಾಸ್ತನ ಬುದ್ಧಿ.

ಈಗ ಒಂದು ಸಹಾಯ ಬೇಕು. ಆಲ್ಬಮ್ಮಿನ ಕೊನೆಗೆ ದೊಡ್ಡಪ್ಪನ ದನಿಯೇ ಇರೋ ಒಂದು ಹಾಡು ಹಾಕ್ತಾ ಇದ್ದೀವಿ. ತೊಂಬತ್ತರ ದಶಕದಲ್ಲಿ ಯಾವುದೋ ಸಭೆಯಲ್ಲಿ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟು, ದೊಡ್ಡಮ್ಮನ ಟ್ರಂಕಿನಲ್ಲಿ ಸಿಕ್ಕಿತು. ಅದರಲ್ಲಿ ಅವರ ಜೊತೆ ಒಬ್ಬ ಹೆಣ್ಣುಮಗಳು ಸಾಲು ಹಿಡಿದು ಹಾಡ್ತಾಳೆ, ಬಹಳ ಗಟ್ಟಿ ದನಿ, ಮಾತಿನಲ್ಲಿ ಮಾಲೂರು ಕಡೆಯ ಎಳೆತ ಇದೆ. ಅವರು ಯಾರು ಅಂತ ದೊಡ್ಡಮ್ಮನಿಗೂ ನೆನಪಿಲ್ಲ. ಕೆಳಗೆ ಕಾಮೆಂಟಿನಲ್ಲಿ ಅರ್ಧ ನಿಮಿಷದ ತುಣುಕು ಹಾಕಿದ್ದೀನಿ. ಮಾಲೂರು, ಟೇಕಲ್, ಲಕ್ಕೂರು ಕಡೆಯವರು ನಿಮ್ಮ ಮನೆಯ ಹಿರಿಯರಿಗೆ ಕೇಳಿಸಿ. ಗೊತ್ತಾದರೆ ಕಾಮೆಂಟಿನಲ್ಲಿ ಬರೆಯಬೇಡಿ, ನನಗೆ ಮೆಸೇಜ್ ಮಾಡಿ. ಅವರು ಇದ್ದರೆ ಅವರನ್ನೇ ಹೋಗಿ ಕೇಳಬೇಕು, ಇಲ್ಲದಿದ್ದರೆ ಅವರ ಮಕ್ಕಳನ್ನು. ಅವರ ಹೆಸರು ಸಿಗೋವರೆಗೂ ಕವರ್ ಪ್ರಿಂಟಿಗೆ ಕೊಡ್ತಾ ಇಲ್ಲ.